ವೈರಿಗೆ ಸವರಿದ ಕೊಬ್ಬು

ನಾನು ಹೇಳುತ್ತಿರುವುದು ನಡೆದ ಸಂಗತಿ. ಇದರಲ್ಲಿ ಸುಳ್ಳಿದ್ದರೆ ವೈರು ಪರೀಕ್ಷಿಸುವ ನನ್ನ ಮೀಟರಿನ ಮುಳ್ಳು ಮುರಿದು ಬೀಳಲಿ. ಆ ಮುಳ್ಳು ಮಾತ್ರ ಅಂದು ಬೆಳಿಗ್ಗೆ ಎಡಮೂಲೆಯಲ್ಲಿ ಮಲಗಿಬಿಟ್ಟಿತ್ತು, ಎಬ್ಬಿಸಿದರೂ ಏಳದ ಕುಡುಕನ ಹಾಗೆ.

“ಏನಂತೆ?” ಎಂದಳು ಕಾಲಿಪಾ ಅಕ್ಕ.

“ಸತ್ತಿದೆ.”

“ಯಾವುದು? ಸೆನ್ಸರೋ, ವೈರೋ?”

“ಸೆನ್ಸರ್ ಗಟ್ಟಿಯಾಗಿದೆ ಅಕ್ಕ. ಅದರ ಬುಡದಲ್ಲೇ ಹಿಡಿದ್ರೆ ಮುಳ್ಳು ಕುಣಿಯುತ್ತೆ. ವೈರಿನ ಈ ತುದೀಲಿ ಹಿಡಿದ್ರೆ ಏನೂ ಇಲ್ಲ. ನಡುವೆ ಎಲ್ಲೋ ತುಂಡಾಗಿದೆ.”

ಪೊಲೀಸರ ಶೆಡ್ಡಿನ ಹೆಪ್ಪುಗಟ್ಟಿದ ನೆಲದ ಮೇಲೆ ನಾನು ಅಂಗಾತ ಮಲಗಿದ್ದೆ. ಮೇಲೆ ಮೂತಿ ಜಜ್ಜಿದ ಜರ್ಮನ್ ವ್ಯಾನು, ನನಗಿಂತ ಸ್ವಲ್ಪವೇ ಚಿಕ್ಕ ವಯಸ್ಸಿನದು. ಹೋದ ವಾರ ಕರಾಬೆಲ್ ಕಣಿವೆ ಇಳಿಯುವಾಗ ಇದರ ಎಂಜಿನ್ ನಿಂತು, ಸ್ಟಿಯರಿಂಗ್ ಕಲ್ಲಾಗಿ, ಬ್ರೇಕು ಮರವಾಗಿ, ಹಿಮದ ತಿರುವಿನಲ್ಲಿ ಹಳ್ಳಕ್ಕೆ ಉರುಳಿತ್ತು. ಓಡಿಸುತ್ತಿದ್ದವನು ಉಸೋನ್. ಸತ್ತವಳು ಅವನ ಬೆನ್ನ ಹಿಂದೆಯೇ ಕೂತಿದ್ದ ಅವನ ಅತ್ತೆ, ಬುರುಲ್ ಅಜ್ಜಿ.

“ಇಲಿ ಸೆನ್ಸರ್ ವೈರು ಕಡಿದಿದೆ. ಚಾಲಕ ಗಾಡಿಯನ್ನು ನೋಡಿಕೊಂಡಿಲ್ಲ,” ಎಂದು ಠಾಣೆಯ ಮುಖ್ಯಸ್ಥ ಮೇಜರ್ ಅಸಾನ್‌ಕುಲ್ ಬರೆದು ಕೈ ತೊಳೆದುಕೊಂಡಿದ್ದ. ಎಂಜಿನ್ ತಿರುಗುತ್ತಿದೆ ಎಂದು ಗಾಡಿಯ ಮಿದುಳಿಗೆ ಹೇಳುವುದು ಆ ಸೆನ್ಸರ್. ಅದರ ಮಾತು ನಿಂತರೆ ಮಿದುಳು ಡೀಸೆಲ್ ನಿಲ್ಲಿಸಿಬಿಡುತ್ತದೆ. ಸೋಮವಾರ ನ್ಯಾಯಾಧೀಶರೂ ಇಲಿಯನ್ನು ನಂಬಿದರೆ ಉಸೋನ್ ವರ್ಷಗಟ್ಟಲೆ ಒಳಗೆ. ಗಾಡಿ ನೋಡಲು ವಕೀಲರು ನಮಗೆ ಕೊಡಿಸಿದ್ದು ಈ ಒಂದು ಬೆಳಗು.

ಶೆಡ್ಡಿನ ಬಾಗಿಲ ಬಳಿ ಚಹಾದ ಫ್ಲಾಸ್ಕನ್ನು ಎದೆಗವಚಿಕೊಂಡು ಸಾಯ್ಕಾಲ್ ನಿಂತಿದ್ದಳು. ಉಸೋನನ ಹೆಂಡತಿ, ಬುರುಲ್ ಅಜ್ಜಿಯ ಮಗಳು. ಎರಡೂ ಅವಳೇ. ದಿನಾ ಗಂಡನಿಗೆ ಊಟ ಒಯ್ದು, ಲಾಕಪ್ಪಿನ ಗೇಟಿನಲ್ಲೇ ಕೊಟ್ಟು, ಅವನ ಮುಖ ನೋಡದೆ ಹಿಂದಿರುಗುತ್ತಿದ್ದಳು.

“ಯಾಕಮ್ಮ ನೋಡಲ್ಲ?” ಎಂದು ಅಕ್ಕ ದಾರಿಯಲ್ಲಿ ಕೇಳಿದ್ದಳು.

“ಅವನು ನೋಡ್ಕೊಳ್ದೆ ಓಡಿಸಿ ಅಮ್ಮನ್ನ ಕೊಂದಿದ್ರೆ, ಮುಂದೆ ಅವನ ಜೊತೆ ಒಂದೇ ಸೂರಿನಡಿ ಇರೋಕಾಗಲ್ಲ. ಕೊಂದಿಲ್ಲ ಅಂದ್ರೆ, ಈ ವಾರವೆಲ್ಲ ಹೀಗೆ ಮಾಡಿದ್ದಕ್ಕೆ ಅವನು ನನ್ನ ಜೊತೆ ಇರಲ್ಲ. ಯಾವುದು ಅಂತ ಮೊದಲು ಗೊತ್ತಾಗ್ಲಿ.”

ಕಾಲಿಪಾ ಅಕ್ಕ ಹಿಂದೆ ಇದೇ ಠಾಣೆಯಲ್ಲಿ ಕ್ಯಾಪ್ಟನ್. ದೊಡ್ಡವರ ಮಗನೊಬ್ಬನ ಅಪಘಾತವನ್ನು ಅಪಘಾತವೆಂದು ಬರೆಯಲೊಪ್ಪದೆ ಸಮವಸ್ತ್ರ ಕಳೆದುಕೊಂಡವಳು. ಸಮವಸ್ತ್ರ ಹೋದರೂ ಒಳಗಿದ್ದ ಇಸ್ತ್ರಿ ಹೋಗಿರಲಿಲ್ಲ. ನಾನು ಎಸೆನ್. ಪಾಲಿಟೆಕ್ನಿಕ್ ಓದಿ, ರೇಡಿಯೋದಲ್ಲಿ ಕತ್ತೆ, ಕೋಳಿ, ಮಂತ್ರಿ ಎಲ್ಲರ ದನಿಯಲ್ಲೂ ಕೂಗಿ, ಕಾರ್ಯಕ್ರಮ ನಿಂತ ಮೇಲೆ ಹಳೇ ಗಾಡಿಗಳ ವೈರು ಹಿಡಿದವನು. ಗಂಟಲು ಕೈಕೊಟ್ಟಿತು, ಕೈ ಗಂಟಲಿಗೆ ಕೊಡುತ್ತಿದೆ.

ವೈರನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸುತ್ತ ಹೋದೆ. ಗೇರ್‌ಬಾಕ್ಸಿನ ಮೇಲೆ ಹಾದುಹೋಗುವಲ್ಲಿ ಮುಳ್ಳು ಒಮ್ಮೆ ಎದ್ದು ಬಿತ್ತು. ಮತ್ತೆ ಅಲುಗಿಸಿದೆ. ಮತ್ತೆ ಎದ್ದು ಬಿತ್ತು.

“ಸಿಕ್ತು.”

“ಇಲಿಯಾ?”

“ಇಲಿಯ ಊಟದ ತಟ್ಟೆ.”

ಅಲ್ಲಿ ಟೇಪು ಹರಿದು ಜೋತಿತ್ತು. ಅಕ್ರೋಟಿನ ಗಾತ್ರದ ಹಳದಿ ಕೊಬ್ಬಿನ ಮುದ್ದೆ. ಅದರೊಳಗಿಂದ ತುಂಡಾದ ತಾಮ್ರದ ಎಳೆಗಳು ಇಣುಕುತ್ತಿದ್ದವು. ಅಕ್ಕ ಬಗ್ಗಿ ಟಾರ್ಚು ಬಿಟ್ಟಳು.

ಸಾಯ್ಕಾಲ್ ಹತ್ತಿರ ಬರಲಿಲ್ಲ. “ಕೊಬ್ಬು ಇದ್ಯಾ ಅಕ್ಕ?” ಎಂದಳು ನಿಂತಲ್ಲಿಂದಲೇ.

“ಇದೆ.”

“ಹಾಗಾದ್ರೆ ಅವರೆಲ್ಲ ಹೇಳಿದ್ದು ನಿಜ.”

ಅವರೆಲ್ಲ ಹೇಳಿದ್ದು ಇಷ್ಟು. ಈ ವ್ಯಾನು ಮನೆಗೆ ಬಂದದ್ದು ಮೊನ್ನೆಯ ಸುಗ್ಗಿಯಲ್ಲಿ. ಹಳೆಯದಾದರೂ ಅವರ ಪಾಲಿಗೆ ಹೊಸದು. ಬುರುಲ್ ಅಜ್ಜಿ ಕುರಿ ಕಡಿಸಿ, ಅದರ ಬಾಲದ ಕೊಬ್ಬನ್ನು ತನ್ನ ಕೈಯಾರೆ ಗಾಡಿಗೆ ಸವರಿ, ದಾರಿ ಬೆಳ್ಳಗಿರಲಿ ಎಂದು ಹರಸಿದ್ದಳು. ಕೊಬ್ಬು ಕಾಣದ ಗಾಡಿ ನಮ್ಮ ದಾರಿಯಲ್ಲಿ ಒಂದೂ ಇಲ್ಲ. ಈಗ ಅಜ್ಜಿಯ ಮಣ್ಣಿಗೆ ಬಂದ ಹೆಂಗಸರು ಪಿಸುಗುಟ್ಟಿದ್ದರು: ಮುದುಕಿಯ ಕೊಬ್ಬಿಗೆ ಇಲಿ ಬಂತು, ಇಲಿಯ ಹಿಂದೆ ಸಾವು ಬಂತು. ಆ ಹೆಂಗಸರಿಗೆ ಚಹಾ ಬಗ್ಗಿಸಿ ಕೊಟ್ಟವಳು ಸಾಯ್ಕಾಲೇ.

“ನಿಮ್ಮಮ್ಮ ಎಲ್ಲಿ ಸವರಿದ್ದು?” ಎಂದಳು ಕಾಲಿಪಾ ಅಕ್ಕ.

“ಬಾಗಿಲ ಹತ್ರ ಅಂತ ಕಾಣುತ್ತೆ. ಬಾನೆಟ್ ಒಳಗೂ ಸವರಿದ್ಲೇನೋ. ನಾನು ಒಲೆ ಮುಂದೆ ಇದ್ದೆ.”

ಅಕ್ಕ ಅವಳ ಮಣಿಕಟ್ಟು ಹಿಡಿದು ಚಾಲಕನ ಬಾಗಿಲಿಗೆ ಕರೆದೊಯ್ದಳು. ಚೌಕಟ್ಟಿನ ಒಳಗೆ ಬೆಳ್ಳನೆಯ ಪಟ್ಟೆ, ಅದರಲ್ಲಿ ಬೆರಳುಗಳು ಎಳೆದ ಗೆರೆ.

“ಒತ್ತು.”

ಸಾಯ್ಕಾಲ್ ಒತ್ತಿದಳು. ಮೇಣದಬತ್ತಿಯ ಹಾಗೆ ಗಟ್ಟಿ. ಉಗುರು ಕೂಡ ಇಳಿಯಲಿಲ್ಲ. ಅಕ್ಕ ಅವಳನ್ನು ಮುಂದಕ್ಕೆ ಕರೆತಂದು ಎಂಜಿನ್ನಿನ ಸಂದಿಯಲ್ಲಿ ಕೈ ಇಳಿಸಿದಳು.

“ಈಗ ಇದನ್ನೊತ್ತು.”

ಬೆರಳು ಒಳಗಿಳಿಯಿತು. ಅದೇ ಶೆಡ್ಡು, ಅದೇ ಚಳಿ. ಸಾಯ್ಕಾಲ್ ಬೆರಳನ್ನು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು.

“ಇದು ಕುರಿದಲ್ಲ ಅಕ್ಕ. ಕುದುರೇದು. ನಮ್ಮಮ್ಮ ಕುದುರೆ ಕಡಿಸಿಲ್ಲ.”

ಅವಳು ಮತ್ತೆ ಬಾಗಿಲ ಬಳಿ ಹೋಗಿ, ಬಿಳಿಯ ಪಟ್ಟೆಯಲ್ಲಿದ್ದ ಅಮ್ಮನ ಬೆರಳಿನ ಗೆರೆಗಳಲ್ಲಿ ತನ್ನ ಬೆರಳಿಟ್ಟು ನಿಂತಳು. ನಾನು ಮೀಟರು ನೋಡಿಕೊಂಡೆ. ಅದರಲ್ಲಿ ನೋಡುವುದೇನೂ ಇರಲಿಲ್ಲ.

“ಎಸೆನ್, ನೀನು ಇಲಿ ಆಗು,” ಎಂದಳು ಅಕ್ಕ.

“ಕಿಚ್.”

“ಕೊಬ್ಬಿನ ವಾಸನೆಗೆ ಬಂದಿದೀಯ. ಮೊದಲು ಏನ್ ತಿಂತೀಯ?”

“ಕೊಬ್ಬು.”

“ಈ ಮುದ್ದೆ ಮೇಲೆ ಒಂದು ಹಲ್ಲಿನ ಗುರುತಾದ್ರೂ ಇದ್ಯಾ?”

ಇರಲಿಲ್ಲ. ಹಿಕ್ಕೆ ಇಲ್ಲ, ಕೂದಲಿಲ್ಲ, ಗೂಡು ಕಟ್ಟಿದ ಚೂರಿಲ್ಲ.

“ಕೊಬ್ಬು ಬಿಟ್ಟು ತಾಮ್ರ ತಿಂದಿದೆ,” ಎಂದೆ. “ಉಪವಾಸದ ಇಲಿ.”

ಪೆಟ್ರೋಲಿನ ಬಟ್ಟೆಯಿಂದ ತುದಿ ಒರೆಸಿ ಕನ್ನಡಕ ಹಾಕಿಕೊಂಡೆ. ಅರ್ಧ ಎಳೆಗಳ ತುದಿ ಚಪ್ಪಟೆ, ಕಟರಿನಲ್ಲಿ ಚಕ್ಕೆಂದು ಕಡಿದ ಹಾಗೆ. ಉಳಿದರ್ಧದ ತುದಿ ಸೂಜಿಯಂತೆ ಸಣ್ಣಗೆ ಎಳೆದು ಹರಿದಿತ್ತು.

“ಅರ್ಧ ಕತ್ತರಿಸಿ ಅರ್ಧ ಬಿಟ್ಟಿದಾರೆ ಅಕ್ಕ. ಗಾಡಿ ಅಲುಗಾಡಿ ಅಲುಗಾಡಿ ಉಳಿದಿದ್ದು ತಾನೇ ಹರೀಲಿ ಅಂತ. ಇದು ಇಲಿಯಲ್ಲ. ವೈರಿ.”

ಅಕ್ಕ ನಗಲಿಲ್ಲ. ನನ್ನ ಶ್ಲೇಷೆಗೆ ಅವಳು ನಕ್ಕದ್ದು ನಾನು ನೋಡಿಯೇ ಇಲ್ಲ. ಮುದ್ದೆಯಲ್ಲಿ ಚೂರನ್ನು ಕೆರೆದು ಸಿಗರೇಟಿನ ಬೆಳ್ಳಿ ಕಾಗದದಲ್ಲಿ ಮಡಿಸುತ್ತ ಕೇಳಿದಳು:

“ಎಂಜಿನ್ ಓಡ್ತಿರೋವಾಗ ಈ ಜಾಗ ಬಿಸಿ ಇರುತ್ತಾ?”

“ಕೈ ಇಟ್ರೆ ಚರ್ಮ ಅಲ್ಲೇ ಉಳಿಯುತ್ತೆ. ಯಾಕೆ?”

“ಸುಮ್ನೆ ಕೇಳಿದೆ.”

ಅವಳು ಸುಮ್ಮನೆ ಏನನ್ನೂ ಕೇಳುವವಳಲ್ಲ. ಆದರೆ ಆ ಹೊತ್ತಿಗೆ ಸಾಯ್ಕಾಲ್ ಹಿಂದಿನಿಂದ ಮಾತಾಡಿದಳು. ದನಿ ಬೇರೆಯಾಗಿತ್ತು.

“ಚಳಿ ಈಗಷ್ಟೇ ಹಿಡಿದಿದೆ. ಚಳಿಗಾಲದ ಮಾಂಸಕ್ಕೆ ಅಂತ ಕುದುರೇನ ಇನ್ನೂ ಯಾರೂ ಕಡಿದಿಲ್ಲ. ಒಂದು ಮನೇಲಿ ಬಿಟ್ಟು.”

“ಯಾರ ಮನೆ?”

“ಶಾರ್ಷೆನ್ ಅಣ್ಣ. ಮಗನಿಗೆ ಮೇಜರ್ ಮಗಳನ್ನ ಗೊತ್ತು ಮಾಡಿ ನಿಶ್ಚಯಕ್ಕೆ ಹುಡುಗಿ ಕಿವಿಗೆ ಓಲೆ ಹಾಕಿದ್ರಲ್ಲ, ಬೀಗರು ಬಂದ್ರು ಅಂತ ಕಡಿಸಿದ್ರು. ನಾನೇ ಹೋಗಿ ಕರುಳು ತೊಳೆದುಕೊಟ್ಟೆ. ಮೇಜರ್ ಮನೆಯವರು ಮೂಟೆ ಕಟ್ಕೊಂಡ್ ಹೋಗಿದ್ದು ಬಿಟ್ರೆ ಹೊರಗೆ ಒಂದು ತುಂಡೂ ಹೋಗಿಲ್ಲ.”

ಶಾರ್ಷೆನ್ ನಮ್ಮ ವ್ಯಾನು ನಿಲ್ದಾಣದ ಯಜಮಾನ. ಯಾರ ಗಾಡಿ ಮೊದಲು, ಯಾರದು ಆಮೇಲೆ ಎಂದು ಹೇಳುವವನು ಅವನೇ. ಅವನ ತಮಾಷೆಗಳು ಕಣಿವೆಯ ಎರಡೂ ಬದಿಗೆ ಪ್ರಸಿದ್ಧ. ಒಬ್ಬನ ಹೀಟರಿನೊಳಗೆ ಒಣಮೀನು ಇಟ್ಟಿದ್ದ. ಗಾಡಿ ಬೇಸಗೆಯವರೆಗೂ ನಾರಿತು. ಇನ್ನೊಬ್ಬನ ಗಾಡಿಯಡಿ ಮೇಕೆಯ ಗಂಟೆ ಕಟ್ಟಿದ್ದ. ಅವನು ದಾರಿಯುದ್ದಕ್ಕೂ ಇಳಿದಿಳಿದು ಮೇಕೆ ಹುಡುಕಿದ. ಪ್ರತಿ ಚಳಿಗಾಲಕ್ಕೂ ಉಸೋನನಿಗೆಂದೇ ಒಂದು ಮೀಸಲು. ನಗದವನಿಗೆ ಆ ವಾರ ಕೊನೆಯ ಸರದಿ. ಹಾಗಾಗಿ ಎಲ್ಲರೂ ನಗುತ್ತಿದ್ದರು.

ಅವನು ಮೇಜರನಿಗೆ ಬೀಗ. ಹಾಗಾಗಿ ಅವನ ಬಾಯಿಗೆ ಬೀಗವಿಲ್ಲ.

“ಕಟರು ಯಾವನ ಹತ್ರ ಬೇಕಾದ್ರೂ ಇರುತ್ತೆ,” ಎಂದಳು ಅಕ್ಕ. “ಕಡಿದ ಜಾಗವನ್ನ ಅವನ ಬೆರಳೇ ತೋರಿಸ್ಬೇಕು. ಎಸೆನ್, ಒರೆಸು. ತುದಿಯಿಂದ ತುದಿಗೆ ಹೊಸ ಟೇಪ್ ಸುತ್ತು. ಎಲ್ಲಿ ಕಡಿದಿದೆ ಅಂತ ದೇವರಿಗೂ ಕಾಣಬಾರದು.”

ಸುತ್ತಿದೆ. ಎರಡು ಮೊಳದ ವೈರು ಹಾವಿನ ಮರಿಯಂತೆ ಕರ್ರಗೆ ನುಣುಪಾಯಿತು.

“ಈಗ ಮೇಜರ್ ಆಗು.”

“ಅಕ್ಕ, ಇಲಿ ಆಗೋದು ಬೇರೆ.”

“ಆಗು.”

ಕಾವಲುಗಾರ ಊಟಕ್ಕೆ ಹೋಗಿದ್ದ. ಅವನ ಕೋಣೆಯ ಫೋನು ಖಾಲಿ ಕೂತಿತ್ತು. ಮೇಜರನಿಗೆ ಪ್ರತಿ ಮಾತಿನ ಮುಂಚೆ ಮೂಗಿನಲ್ಲಿ ಒಂದು ಗುಟುರು, ಕೊನೆಯಲ್ಲಿ ಒಂದು ಎಳೆತ. ಎರಡನ್ನೂ ಮೂಗಿಗೆ ತಂದುಕೊಂಡು ಶಾರ್ಷೆನ್ ಮನೆಯ ನಂಬರು ಒತ್ತಿದೆ.

“ಹ್ಞ್... ಬೀಗರೇ, ನಾನೂ. ಆ ವಕೀಲನ ಕಡೆಯವರು ಬಂದು ವೈರಿನಲ್ಲಿ ಕಡಿದ ಗುರುತೇ ಇಲ್ಲ ಅಂತಿದಾರೇ. ಹ್ಞ್... ಇಲಿ ಸುಳ್ಳು ಅಂತ ಕೋರ್ಟಲ್ಲಿ ಹೇಳ್ತಾರಂತೇ. ನೀವು ನಾಲ್ಕು ಗಾಡಿ ಬಿಚ್ಚಿದವರು, ಬಂದು ಒಂಚೂರು ತೋರಿಸೀ.”

ಆ ಕಡೆ ಬಟ್ಟಲಿಗೆ ಚಮಚ ತಾಗಿದ ಸದ್ದು. ಯಾರೋ ಕೆಮ್ಮಿದರು.

“ಬಂದೆ ಬೀಗರೇ,” ಎಂದ ಶಾರ್ಷೆನ್, ಬಹಳ ಸಿಹಿಯಾಗಿ. “ಈಗ್ಲೇ ಬಂದೆ.”

ಅಷ್ಟು ಸಿಹಿ ಅವನ ದನಿಯದಲ್ಲ. ಅಕ್ಕನಿಗೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅಕ್ಕ ಸಾಯ್ಕಾಲಳನ್ನು ವ್ಯಾನಿನೊಳಗೆ ಕೂರಿಸಿ ಬಾಗಿಲು ಸರಿಸುತ್ತಿದ್ದಳು. “ಏನ್ ಕೇಳಿದ್ರೂ ಹೊರಗೆ ಬರಬೇಡ,” ಎನ್ನುತ್ತಿದ್ದಳು. ಸಾಯ್ಕಾಲ್ ಹೋಗಿ ಕೂತದ್ದು ಚಾಲಕನ ಹಿಂದಿನ ಸೀಟಿನಲ್ಲಿ.

ಶಾರ್ಷೆನ್ ಬಾಗಿಲು ತಳ್ಳಿಕೊಂಡು ಬಂದ. ಬಿಳಿಯ ಉಣ್ಣೆ ಟೋಪಿ ಹಿಂದಕ್ಕೆ ಜಾರಿತ್ತು. ತುಟಿಯ ಮೇಲೆ ಸಾರಿನ ಎಣ್ಣೆ.

“ಹ್ಞ್... ಬೀಗರೇ, ನಾನೂ,” ಎಂದ ನನ್ನ ಮುಖಕ್ಕೆ. ನನ್ನದಕ್ಕಿಂತ ಚೆನ್ನಾಗಿಯೇ ಮಾಡಿದ. “ಲೋ ಎಸೆನ್, ಕೋಳಿ ಕೂಗಿ ಹೊಟ್ಟೆ ಹೊರೀತಿದ್ದೋನು, ಮೇಜರ್ ಕೂಗೋಕ್ ಹೊರಟ್ಯಾ? ನೀನು ಫೋನ್ ಮಾಡಿದಾಗ ಮೇಜರ್ ನನ್ನ ಎದುರಿಗೇ ಕೂತು ಲಗ್ಮನ್ ಶಾವಿಗೆ ತಿಂತಿದ್ರು ಕಣೋ.”

ಹೇಳಿ ನಗತೊಡಗಿದ. ಅವನ ಹಿಂದೆ, ಬಾಗಿಲ ಬೆಳಕಿನಲ್ಲಿ, ಮೇಜರ್ ಅಸಾನ್‌ಕುಲ್ ನಿಂತಿದ್ದ. ಅವನು ನಗುತ್ತಿರಲಿಲ್ಲ. ಕರವಸ್ತ್ರದಲ್ಲಿ ಮೀಸೆ ಒರೆಸುತ್ತಿದ್ದ.

ನನ್ನ ನಾಲಿಗೆಯಲ್ಲಿದ್ದ ದನಿಗಳೆಲ್ಲ ಹಾರಿಹೋದವು. ನನ್ನದೂ ಸೇರಿ.

“ತಮಾಷೆ ಮಾಡಿದ್ವಿ,” ಎಂದಳು ಕಾಲಿಪಾ ಅಕ್ಕ, ಏನೂ ಆಗದವಳ ಹಾಗೆ. “ನೀನು ಮಾಡಲ್ವಾ ಶಾರ್ಷೆನ್? ಮೇಜರ್ ಸಾಹೇಬ್ರು ಆಮೇಲೆ ನಮ್ಮಿಬ್ಬರನ್ನೂ ಒಳಗೆ ಹಾಕ್ಲಿ. ಆದ್ರೆ ಫೋನಲ್ಲಿ ಹೇಳಿದ್ದು ಸುಳ್ಳಲ್ಲ. ಬೆಳಿಗ್ಗೆಯಿಂದ ಹುಡುಕ್ತಿದೀವಿ. ಈ ವೈರು ಇಡಿಯಾಗಿದೆ. ಸೋಮವಾರ ನಾನು ಇಲಿ ಇಲ್ಲ ಅಂತ ಹೇಳೋಳೇ.”

“ಇಡಿಯಾಗಿದ್ಯಾ?”

“ನೋಡು. ನುಣ್ಣಗಿದೆ.”

ಶಾರ್ಷೆನ್ ವೈರು ನೋಡಿದ, ಅಕ್ಕನನ್ನು ನೋಡಿದ. ಅವನ ಮುಖದಲ್ಲಿ ಕಂಡದ್ದು ಕನಿಕರ.

“ಮಾಜಿ ಕ್ಯಾಪ್ಟನ್ನೇ, ಅದಕ್ಕೇ ನಿಮ್ಮನ್ನ ಮನೆಗೆ ಕಳಿಸಿದ್ದು. ಟೇಪಿನ ಮೇಲೆ ನೋಡಿದ್ರೆ ಏನ್ ಕಾಣುತ್ತೆ, ನಿಮ್ಮ ತಲೆ? ಪಕ್ಕಕ್ಕೆ ಸರೀರಿ.”

ತೋಳು ಮಡಿಸಿ ಬಗ್ಗಿದ. ಕೈ ಪಂಪು ದಾಟಿ, ಪೈಪು ದಾಟಿ ಒಳಗಿಳಿಯಿತು. ಕಣ್ಣು ನಮ್ಮ ಕಡೆಗಿದ್ದರೂ ಬೆರಳು ತಡವರಿಸಲಿಲ್ಲ. ಗೇರ್‌ಬಾಕ್ಸಿನ ಮೇಲೆ, ಕರೀ ಟೇಪಿನ ಆ ಒಂದೇ ಜಾಗದ ಮೇಲೆ ಹೆಬ್ಬೆರಳು ಕೂತಿತು. ಒತ್ತಿದ. ವೈರು ಅಲ್ಲೇ ಮಡಿಯಿತು.

“ಇಲ್ಲಿ. ಕುರುಡರು.”

“ಮೇಜರ್ ನಿನಗೆ ಮೊದಲೇ ತೋರಿಸಿದ್ರಾ?”

“ನನಗೆ ಯಾರ್ ತೋರಿಸ್ಬೇಕು? ಈ ಶೆಡ್ಡಿಗೆ ನಾನು ಕಾಲಿಟ್ಟಿರೋದೇ ಈಗ.”

ಹೆಮ್ಮೆಯಿಂದಲೇ ಹೇಳಿದ. ಮಾತು ಹೊರಬಿದ್ದ ಮೇಲೆ ಅದರ ಹಿಂದೆ ಹೊರಟವನಂತೆ ಅವನ ಬಾಯಿ ತೆರೆದೇ ಉ‍ಳಿಯಿತು. ಹೆಬ್ಬೆರಳು ಇನ್ನೂ ವೈರಿನ ಮೇಲಿತ್ತು.

“ಟೇಪು ಸುತ್ತಿದ್ದು ನಾವು, ಈಗಷ್ಟೇ,” ಎಂದಳು ಅಕ್ಕ. “ಜಾಗ ನಮಗೆ ಗೊತ್ತು. ಕಡಿದವನಿಗೆ ಗೊತ್ತು.”

ಛಾವಣಿಯ ತಗಡು ಚಳಿಗೆ ಟಿಕ್ಕೆಂದಿತು.

ಶಾರ್ಷೆನ್ ಕೈ ಹೊರತೆಗೆದ. ಬೆರಳು ನೋಡಿಕೊಂಡ. ಆಮೇಲೆ ಹೆಗಲು ಕುಣಿಯಿತು. ಮತ್ತೆ ನಗುತ್ತಿದ್ದ.

“ಸರಿ. ನಾನೇ. ಏನೀಗ? ತಮಾಷೆ. ಒಂದೇ ಒಂದು ಚಿವುಟು. ನಿಲ್ದಾಣದಲ್ಲೇ ಎಂಜಿನ್ ನಿಲ್ಲಬೇಕಿತ್ತು, ಹುಡುಗರೆಲ್ಲ ಸೇರಿ ಅವನ ಕೈಲೇ ಗಾಡಿ ನೂಕಿಸ್ಬೇಕಿತ್ತು. ಹೋದ್ವರ್ಷ ಅವನ ಹಳೇ ಗಾಡಿಯ ಪೆಟ್ರೋಲ್ ಪೈಪಿಗೆ ಬಟ್ಟೆ ತುರುಕಿದಾಗ ಉಸೋನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಈ ಸಲ ಆ ದರಿದ್ರ ವೈರು ಕಣಿವೆ ಹತ್ತೋವರೆಗೂ ಹರೀಲಿಲ್ಲ. ನಾನೇನು ಕಣಿವೇಲಿ ಹರೀಲಿ ಅಂದ್ನಾ?”

ವ್ಯಾನಿನ ಬಾಗಿಲು ಕಿರುಗುಟ್ಟಿ ಸರಿಯಿತು. ಸಾಯ್ಕಾಲ್ ಫ್ಲಾಸ್ಕು ಹಿಡಿದೇ ಇಳಿದು ಬಂದಳು.

“ಶಾರ್ಷೆನ್ ಅಣ್ಣ, ನನಗೆ ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳಿ.”

“ಸಾಯ್ಕಾಲ್, ತಂಗಿ...”

“ಎಲ್ಲಿ ನಗಬೇಕು ಅಂತ ಹೇಳಿ ಅಣ್ಣ. ಗುರುವಾರ ಗೋರಿ ಹತ್ರ ಹೋಗ್ತೀನಿ. ಅಮ್ಮನಿಗೂ ಹೇಳ್ಬೇಕು.”

ಅವನ ಮುಖ ಒಂದು ಕ್ಷಣ ಮನುಷ್ಯನ ಮುಖವಾಯಿತು. ಅಜ್ಜಿಯ ಗೋರಿಗೆ ಮೊದಲ ಗುದ್ದಲಿ ಹಾಕಿದವನು ಅವನೇ. ಅದನ್ನು ನಾನು ಕಣ್ಣಾರೆ ನೋಡಿದ್ದೆ, ಆಗ ಅತ್ತದ್ದನ್ನೂ. ಆದರೆ ಅವನು ತಿರುಗಿ ಬಾಗಿಲ ಕಡೆ ನೋಡಿದ. ಅಲ್ಲಿ ಬೀಗ ನಿಂತಿದ್ದ. ಧೈರ್ಯ ಹಿಂದಿರುಗಿತು.

“ಯಾರಿಗೆ ಹೇಳ್ತೀರಿ?” ಎಂದ. “ಕೋರ್ಟಿಗಾ? ಯಾರು ಸಾಕ್ಷಿ? ಕೆಲಸ ಕಳ್ಕೊಂಡ ಒಬ್ಬಳು, ಕೋಳಿ ಕೂಗೋ ಇವನು, ಅಪರಾಧಿ ಹೆಂಡ್ತಿ. ಮೇಜರ್ ಸಾಹೇಬ್ರು ಏನೂ ಕೇಳಿಸ್ಕೊಂಡಿಲ್ಲ. ಅಲ್ವಾ ಬೀಗರೇ?”

ಮೇಜರ್ ಮೀಸೆ ಒರೆಸುವುದನ್ನು ನಿಲ್ಲಿಸಿದ್ದ.

“ಜೈಲಿಗೆ ಹೋಗ್ತೀನಿ ಅಂತ ನಾನೂ ನಿದ್ದೆ ಬಿಟ್ಟಿದ್ದೆ ಕಣ್ರಿ,” ಎಂದ ಶಾರ್ಷೆನ್, ನಗುವಿನ ನಡುವೆ. “ಆಮೇಲೆ ನೋಡಿದ್ರೆ ಇಲಿ. ನಾನು ಕಡಿದಲ್ಲೇ ಇಲಿ ಬಂದು ಕಡೀಬೇಕಾ? ಅವತ್ತು ಎಷ್ಟು ನಕ್ಕೆ ಗೊತ್ತಾ? ಪುಣ್ಯಾತ್ಮ ಇಲಿ.”

“ಇಲಿ ಬಂದಿಲ್ಲ,” ಎಂದಳು ಕಾಲಿಪಾ ಅಕ್ಕ. ಜೇಬಿನಿಂದ ಬೆಳ್ಳಿ ಕಾಗದ ತೆಗೆದು ಬಿಡಿಸಿದಳು. “ಕಡಿದ ಜಾಗಕ್ಕೆ ಇದನ್ನ ಯಾಕೆ ಮೆತ್ತಿದೆ?”

“ಏನದು?”

“ಕುದುರೆ ಕೊಬ್ಬು.”

“ಕೊಬ್ಬಾ? ಯಾವ ಕೊಬ್ಬು?” ಎಂದ ಶಾರ್ಷೆನ್. ಅಕ್ಕನಿಗೆ ತಲೆ ಕೆಟ್ಟಿದೆ ಎಂಬಂತೆ ನನ್ನ ಕಡೆ ನೋಡಿ ಕಣ್ಣು ಹೊಡೆದ. “ಚಿವುಟಿದ್ದು ನಾನು. ಕೊಬ್ಬು ಗಿಬ್ಬು ನನಗೇನ್ ಗೊತ್ತು? ತಿನ್ನೋ ವಸ್ತುನ ಯಾವನಾದ್ರೂ ಗೇರ್‌ಬಾಕ್ಸಿಗೆ ಮೆತ್ತುತಾನಾ?”

ಅವನು ಸುಳ್ಳು ಹೇಳುತ್ತಿರಲಿಲ್ಲ. ದನಿಗಳನ್ನೇ ತಿಂದು ಬೆಳೆದವನು ನಾನು. ಸುಳ್ಳಿನ ದನಿ ನನಗೆ ತಿಳಿಯುತ್ತದೆ.

“ಅದೇ ನನಗೂ ಅನ್ನಿಸಿದ್ದು,” ಎಂದಳು ಅಕ್ಕ ನಿಧಾನವಾಗಿ. ಅವಳು ಈಗ ಶಾರ್ಷೆನ್‌ನನ್ನು ನೋಡುತ್ತಿರಲಿಲ್ಲ. “ಎಂಜಿನ್ ಓಡಿದ್ರೆ ಆ ಜಾಗದ ಕಾವಿಗೆ ಇದು ಕರಗಿ ಹರಿದುಹೋಗ್ತಿತ್ತು. ಇಲ್ಲಿ ಮುದ್ದೆ ಮುದ್ದೆಯಾಗೇ ಇತ್ತು. ಅಂದ್ರೆ ಗಾಡಿ ಹಳ್ಳಕ್ಕೆ ಬಿದ್ದ ಮೇಲೆ ಮೆತ್ತಿದ್ದು. ಈ ಶೆಡ್ಡಿಗೆ ಬಂದ ಮೇಲೆ, ಇಲಿ ಕಥೆ ಕಟ್ಟೋಕೆ.”

ಶೆಡ್ಡಿನ ಕೀಲಿ ಯಾರ ಬಳಿಯಿರುತ್ತದೆ ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಕುದುರೆಯ ಕೊಬ್ಬು ಇದ್ದದ್ದು ಎರಡೇ ಮನೆಯಲ್ಲಿ. ಸಾಯ್ಕಾಲಳ ತುಟಿ ಅಲುಗಿತು. ಅವಳೂ ಬಾಗಿಲ ಕಡೆ ತಿರುಗಿದಳು.

ಶಾರ್ಷೆನ್‌ಗೆ ಮಾತ್ರ ಇದೆಲ್ಲ ಹೊಸ ತಮಾಷೆಯಂತೆ ಕಂಡಿತು. “ಕೊಬ್ಬಂತೆ,” ಎಂದು ತೊಡೆ ತಟ್ಟಿಕೊಂಡು, ವ್ಯಾನಿನ ಜಜ್ಜಿದ ಮೂತಿಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದ. ಛಾವಣಿಯ ತಗಡೂ ನಡುಗುವಷ್ಟು ಜೋರಾಗಿ ನಕ್ಕ.

ಆ ಸದ್ದಿನಲ್ಲಿ ಅವನೊಬ್ಬನಿಗೇ ಕೇಳಿಸದೆ ಹೋದದ್ದು ಒಂದಿತ್ತು. ಮೇಜರ್ ಒಳಗೆ ಬಂದು, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ.